ಶಾಲು ಹೊದ್ದ ಬ್ಯಾಟರಿ

ಬೆಳಗಾದಾಗಿನಿಂದ ಬ್ಯಾಟರಿಯಣ್ಣ ಒಂದು ಕಡೆ ನಿಂತಿದ್ದರೆ ಕೇಳಿ. ಮನೆಗಾಡಿಯ ಒಳಗೆ ಹೋಗಿ ಬ್ಯಾಟರಿಯ ಮೀಟರ್ ನೋಡುತ್ತಿದ್ದ, ಹೊರಗೆ ಬಂದು ತಂತಿ ಅಲ್ಲಾಡಿಸುತ್ತಿದ್ದ, ಕರೆಂಟಿನ ಕಂಬದ ತನಕ ನಡೆದು ಪ್ಲಗ್ ಕಿತ್ತು ಮತ್ತೆ ಚುಚ್ಚುತ್ತಿದ್ದ, ತಿರುಗಿ ಒಳಗೆ ಓಡುತ್ತಿದ್ದ. ಹೊರಗೆ ಸ್ಟೂಲಿನ ಮೇಲಿಟ್ಟ ಒಲೆಯಲ್ಲಿ ಕಾಫಿ ಉಕ್ಕಿ ಒಲೆಯನ್ನೇ ಆರಿಸಿತ್ತು. ಅದನ್ನು ಒರೆಸಲೆಂದು ಬಟ್ಟೆ ಹಿಡಿದವನು ಬಟ್ಟೆಯ ಸಮೇತ ಮತ್ತೆ ಮೀಟರಿನ ಮುಂದೆ ಹೋಗಿ ನಿಂತಿದ್ದ. ಒಳಗೆ ಬರುತ್ತಿರುವ ಕರೆಂಟು ಎಷ್ಟು ಎಂದು ಹೇಳಬೇಕಾದ ಜಾಗದಲ್ಲಿ ಸೊನ್ನೆ ಕೂತಿತ್ತು. ಆಗ ನೋಡಿದಾಗಲೂ ಸೊನ್ನೆ, ಈಗ ನೋಡಿದಾಗಲೂ ಸೊನ್ನೆ. ಚಾರ್ಜರಿನ ಹಸಿರು ದೀಪ ಮಾತ್ರ ಏನೂ ಆಗಿಲ್ಲವೆನ್ನುವಂತೆ ಉರಿಯುತ್ತಿತ್ತು.

ಬ್ಯಾಟರಿ ವಿಷಯದಲ್ಲಿ ಅವನು ತಬ್ಬಿಬ್ಬಾಗುವುದೆಂದರೆ ಅದು ನಗುವ ಸಂಗತಿಯೇ. ಬಸ್ ಡಿಪೋದ ಬ್ಯಾಟರಿ ಕೋಣೆಯಲ್ಲೇ ಅವನ ಕೂದಲು ಉದುರಿದ್ದು, ಉಳಿದದ್ದು ಹಣ್ಣಾದದ್ದು. ಹೆಸರು ಹಿಡಿದು ಕರೆಯುವವರೇ ಇಲ್ಲದಂತಾಗಿ ಎಲ್ಲರ ಬಾಯಲ್ಲೂ ಬ್ಯಾಟರಿಯಣ್ಣ ಆಗಿಬಿಟ್ಟಿದ್ದ. ಆ್ಯಸಿಡ್ ಸಿಡಿದು ಅವನ ಅಂಗಿಗಳೆಲ್ಲ ಹೊಟ್ಟೆಯ ಹತ್ತಿರ ಜರಡಿ. ಹೆಂಡತಿ ಒಂದು ತೂತು ಹೊಲಿದು ಮುಗಿಸುವಷ್ಟರಲ್ಲಿ ಪಕ್ಕದಲ್ಲಿ ಎರಡು ಹುಟ್ಟಿಕೊಳ್ಳುತ್ತಿದ್ದವು. ಕೊನೆಗೆ ಅವಳೂ ಕೈಚೆಲ್ಲಿ, "ಗಾಳಿ ಆಡ್ಲಿ ಬಿಡಿ" ಎಂದಿದ್ದಳು.

ಆದರೆ ಈಗ ಗಾಡಿಯಲ್ಲಿದ್ದದ್ದು ಆ ಹಳೆಯ ಜಾತಿಯ ಬ್ಯಾಟರಿಯಲ್ಲ. ಲಿಥಿಯಂ. ಇಬ್ಬರು ಹೊರುತ್ತಿದ್ದುದನ್ನು ಒಬ್ಬನೇ ಎತ್ತಬಹುದಾದಷ್ಟು ಹಗುರ, ಮುಚ್ಚಳವಿಲ್ಲ, ನೀರು ಹಾಕುವ ಹಾಗಿಲ್ಲ, ಒಳಗೆ ಏನು ನಡೆದಿದೆಯೆಂದು ಇಣುಕುವ ಹಾಗೂ ಇಲ್ಲ. ಮುಖ ಕೊಟ್ಟು ಮಾತಾಡದ ನೆಂಟನನ್ನು ಮನೆಯಲ್ಲಿ ಇಟ್ಟುಕೊಂಡ ಹಾಗೆ ಅನ್ನಿಸುತ್ತಿತ್ತು ಅವನಿಗೆ. ಆದರೂ ತಂದಿದ್ದ. ತರಲೇಬೇಕಿತ್ತು.

ಹೆಂಡತಿ ಆಸ್ಪತ್ರೆಯಲ್ಲಿದ್ದಳು. ನಾಳೆ ಬಿಡುತ್ತಾರೆ. ಹಾಸಿಗೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಹತ್ತಿ ತುಂಬಿ ತುಂಬಿ ಅವಳ ಶ್ವಾಸಕೋಶ ಹಾಳಾಗಿತ್ತು. ಇನ್ನು ಮುಂದೆ ರಾತ್ರಿಯಿಡೀ ಮೂಗಿಗೆ ಆಕ್ಸಿಜನ್ ನಳಿಗೆ ಬೇಕು, ಅದನ್ನು ಕೊಡುವ ಮಷೀನು ಒಂದು ಗಳಿಗೆಯೂ ನಿಲ್ಲಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಮನೆಗಾಡಿಗಳು ನಿಲ್ಲುವ ಈ ಮೈದಾನದಲ್ಲಿ ಕರೆಂಟು ಜನರೇಟರಿನದು. ಹೊತ್ತು ಮುಳುಗುತ್ತಿದ್ದಂತೆ ಅದನ್ನು ಆರಿಸುತ್ತಾರೆ. ಆಮೇಲೆ ಬೆಳಗಿನ ತನಕ ಬ್ಯಾಟರಿಯೇ ಗತಿ. ಇವತ್ತು ಸಂಜೆ ಆಸ್ಪತ್ರೆಯ ನರ್ಸಮ್ಮ ಬಂದು, ಗಾಡಿಯಲ್ಲಿ ರೋಗಿಯನ್ನು ಇಟ್ಟುಕೊಳ್ಳಬಹುದೋ ಇಲ್ಲವೋ ಎಂದು ಕಣ್ಣಾರೆ ನೋಡಿ ಹೇಳುವವಳಿದ್ದಳು. ಇಲ್ಲ ಎಂದರೆ ಹೆಂಡತಿ ನೇರ ಅವಳ ಅಕ್ಕನ ಮನೆಗೆ. ನಾಲ್ಕನೇ ಮಹಡಿ, ಒಳ್ಳೆಯ ಕೋಣೆ, ಹಾಸಿಗೆಗೆ ಹೊಸ ಹೊದಿಕೆ ಕೂಡ ಹಾಕಿಯಾಗಿತ್ತು. ಅಲ್ಲಿಗೆ ಒಮ್ಮೆ ಹೋದರೆ ಹಿಂದೆ ಬರುವ ಮಾತಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ ಅಷ್ಟೆ.

"ಅಕ್ಕನ ಮನೆ ಚೆನ್ನಾಗಿದೆ ಕಣ್ರೀ," ಎಂದಿದ್ದಳು ಹೆಂಡತಿ, ಮಾತಿನ ಮಧ್ಯೆ ಉಸಿರಿಗೆ ನಿಂತು ನಿಂತು. "ಆದ್ರೆ ಕಿಟಕಿ ತೆಗೆದ್ರೆ ಎದುರು ಮನೆ ಗೋಡೆ. ಕಾರ್ಖಾನೆಲೂ ಗೋಡೆನೇ ನೋಡಿದ್ದು. ನನ್ನ ಗಾಡಿಗೇ ಕರ್ಕೊಂಡು ಹೋಗಿ."

ನನ್ನ ಗಾಡಿ ಎಂದು ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ಇಬ್ಬರೂ ಕೆಲಸ ಬಿಟ್ಟ ಮೇಲೆ ಹಠ ಹಿಡಿದು ಈ ಮನೆಗಾಡಿ ಕೊಳ್ಳಿಸಿದವಳು ಅವಳೇ. ದಿನಕ್ಕೊಂದು ಕಿಟಕಿ ಬೇಕು ಎನ್ನುತ್ತಿದ್ದಳು. ಈಗ ನಿಂತಿರುವ ಜಾಗದಲ್ಲಿ ಅವಳ ತಲೆದಿಂಬಿನ ಪಕ್ಕದ ಕಿಟಕಿಗೆ ಕೆರೆ ಕಾಣುತ್ತದೆ. ಅದು ಕಾಣಲೆಂದೇ ಬ್ಯಾಟರಿಯಣ್ಣ ಗಾಡಿಯನ್ನು ಹಿಂದೆ ಮುಂದೆ ಮಾಡಿ ಮಾಡಿ ಪಕ್ಕದವರಿಂದ ಬೈಸಿಕೊಂಡಿದ್ದ.

ಎಡವಟ್ಟು ಆದದ್ದು ಅವನ ಅತಿ ಜಾಗ್ರತೆಯಿಂದಲೇ. ಬ್ಯಾಟರಿ ರಾತ್ರಿಯಿಡೀ ತಾಳುತ್ತದೋ ಇಲ್ಲವೋ, ಪರೀಕ್ಷೆ ಮಾಡಿಯೇ ಬಿಡೋಣವೆಂದು ಹಿಂದಿನ ರಾತ್ರಿ ಮಷೀನನ್ನು ಖಾಲಿ ಹಾಸಿಗೆಯ ಪಕ್ಕದಲ್ಲಿ ಇಟ್ಟು ಹಾಕಿದ್ದ. ನಳಿಗೆ ದಿಂಬಿನ ಮೇಲೆ ಬಿದ್ದುಕೊಂಡು ಯಾರಿಗೂ ಇಲ್ಲದೆ ಉಸಿರು ಬಿಡುತ್ತಿತ್ತು. ಅವನು ಎದುರಿನ ಬೆಂಚಿನಲ್ಲಿ ಮಲಗಿ ಅದನ್ನು ಕೇಳುತ್ತಿದ್ದ. ಬೆಳಗಿನ ತನಕ ಮಷೀನು ದಣಿದು ಉಸ್ಸೆನ್ನಲಿಲ್ಲ. ಪರೀಕ್ಷೆ ಪಾಸಾಯಿತು. ಬ್ಯಾಟರಿ ಮಾತ್ರ ಬಹುತೇಕ ತಳ ಕಂಡಿತ್ತು. ಜನರೇಟರ್ ಶುರುವಾದ ಕೂಡಲೇ ತುಂಬಿಕೊಳ್ಳುತ್ತದೆ ಬಿಡು ಎಂದು ಬಾಗಿಲು ತೆರೆದರೆ ಹುಲ್ಲೆಲ್ಲ ಬೆಳ್ಳಗೆ, ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಮಂಜುಗಡ್ಡೆ. ಆ ವರ್ಷದ ಮೊದಲ ಗಡ್ಡೆಕಟ್ಟುವ ಚಳಿ ಸರಿಯಾಗಿ ಆ ರಾತ್ರಿಯೇ ಬಂದು ಕೂತಿತ್ತು.

ಇಂಜಿನ್ ಹಾಕಿ ನೋಡಿದ. ಗಾಡಿ ಗುರ್ರೆಂದಿತು, ಅಂಕಿ ಅಲ್ಲಾಡಲಿಲ್ಲ. ತಂತಿಗಳ ತುದಿ ಬಿಚ್ಚಿ ಉಪ್ಪುಕಾಗದ ಹಾಕಿ ಉಜ್ಜಿದ. ಹೊಸ ತಂತಿ, ಉಜ್ಜುವುದಕ್ಕೇನಿತ್ತು? ಕೈಗೆ ಕೆಲಸ ಬೇಕಿತ್ತು, ಉಜ್ಜಿದ. ದೀಪ ಹಾಕಿದರೆ ದೀಪ ಉರಿಯುತ್ತಿತ್ತು, ಪಂಪು ಹಾಕಿದರೆ ನೀರು ಬರುತ್ತಿತ್ತು. ಅಂದರೆ ಬ್ಯಾಟರಿ ಕೊಡಲು ತಯಾರಿದೆ, ತೆಗೆದುಕೊಳ್ಳಲು ಮಾತ್ರ ಜಪ್ಪಯ್ಯ ಎಂದರೂ ಒಲ್ಲದು. ಇಂಥ ಬ್ಯಾಟರಿಯನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಕೊನೆಗೆ ಮರ್ಯಾದೆ ಬಿಟ್ಟು ಅಂಗಡಿಯವನಿಗೆ ಫೋನು ಮಾಡಿದ.

"ಎಲ್ಲಿಟ್ಟಿದೀರಾ ಬ್ಯಾಟರಿನ?" ಅಂಗಡಿಯವನು ಬೇರೆ ಯಾರ ಜೊತೆಗೋ ಮಾತಾಡುತ್ತಲೇ ಕೇಳಿದ.

"ಹೊರಗಡೆ ಪೆಟ್ಟಿಗೆಲಿ."

"ಹೊರಗಾ? ನಾವು ಹಾಸಿಗೆ ಕೆಳಗೆ ಜಾಗ ತೋರಿಸಿದ್ವಲ್ಲ ಸಾರ್. ಅದು ಲಿಥಿಯಂ. ನೀರು ಗಡ್ಡೆಕಟ್ಟೋ ಚಳಿಲಿ ಚಾರ್ಜ್ ಮಾಡಿದ್ರೆ ಒಳಗೆ ಹಾಳಾಗಿಹೋಗುತ್ತೆ. ಅದಕ್ಕೇ ಅದರೊಳಗಿರೋ ಕಾವಲು ಬೋರ್ಡು ಬಾಗಿಲು ಹಾಕ್ಕೊಂಡಿದೆ. ಕೆಟ್ಟಿಲ್ಲ ಏನಿಲ್ಲ. ಒಳಗೆ ಬೆಚ್ಚಗಿನ ಜಾಗಕ್ಕೆ ತಂದಿಡಿ, ತಾನಾಗೇ ತಗೊಳ್ಳುತ್ತೆ."

ಇಷ್ಟೇ. ಎರಡು ಬ್ಯಾಟರಿ ಎತ್ತಿ ಒಳಗಿಡುವ ಕೆಲಸ. ಬೇರೆ ಯಾರಾಗಿದ್ದರೂ ಅಂಗಡಿಯವನಿಗೆ ಕೈಮುಗಿದು ಅರ್ಧ ಗಂಟೆಯಲ್ಲಿ ಮುಗಿಸಿ ಕಾಫಿಗೆ ಕೂರುತ್ತಿದ್ದರು. ಬ್ಯಾಟರಿಯಣ್ಣ ಫೋನನ್ನು ಜೇಬಿಗೆ ತುರುಕಿ, "ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳು" ಎಂದು ಜೇಬಿಗೇ ಹೇಳಿದ.

ಏಕೆಂದರೆ ಬ್ಯಾಟರಿ ಚಾರ್ಜಾಗುವಾಗ ಗ್ಯಾಸು ಬಿಡುತ್ತದೆ. ಮೂಗು ಸುಡುವ, ಗಂಟಲು ಕೆರೆಯುವ ಗ್ಯಾಸು. ಡಿಪೋದ ಕೋಣೆಗೆ ಅದಕ್ಕೇ ಒಂದು ಕಡೆ ಗೋಡೆಯೇ ಇರಲಿಲ್ಲ, ಬರೀ ಜಾಲರಿ. ಲಿಥಿಯಂ ಹಾಗಲ್ಲ, ಇದು ಆ್ಯಸಿಡ್ಡೂ ಅಲ್ಲ ಗ್ಯಾಸೂ ಬಿಡೋದಿಲ್ಲ ಎಂದು ಅಂಗಡಿಯವನು ಕೊಳ್ಳುವಾಗಲೇ ಬಾಯಿ ನೋಯುವಷ್ಟು ಹೇಳಿದ್ದ. ಇವನ ತಲೆ ಹೂಂ ಎಂದಿತ್ತು, ಮೂಗು ಒಪ್ಪಿರಲಿಲ್ಲ. ಉಸಿರಿಗೆ ಪರದಾಡುವ ಹೆಂಗಸಿನ ತಲೆದಿಂಬಿನ ಕೆಳಗೆ ಬ್ಯಾಟರಿ ಇಡುವುದೆಂದರೇನು? ಸಾಲದ್ದಕ್ಕೆ ಹೊರಪೆಟ್ಟಿಗೆಯ ತಳಕ್ಕೂ ಬದಿಗೂ ತಾನೇ ಡ್ರಿಲ್ಲು ಹಿಡಿದು ಸಾಲಾಗಿ ತೂತು ಕೊರೆದಿದ್ದ, ಬರುವ ಗ್ಯಾಸು ಅತ್ತಲೇ ಹೋಗಲಿ ಎಂದು. ರಾತ್ರಿ ಚಳಿಗಾಳಿ ಒಳಗೆ ನುಗ್ಗಿದ್ದು ಅದೇ ತೂತುಗಳಿಂದ.

ಇನ್ನೊಂದು ಮಾತು ಇತ್ತು. ಅದನ್ನು ಅವನು ಅಂಗಡಿಯವನಿಗಿರಲಿ, ಹೆಂಡತಿಗೂ ಹೇಳಿರಲಿಲ್ಲ. ಅವಳ ಕೆಮ್ಮು ಶುರುವಾದಾಗಿನಿಂದ ಅವನ ಎದೆಯಲ್ಲಿ ಒಂದು ಮುಳ್ಳು. ಡಾಕ್ಟರು ಹತ್ತಿ ಎನ್ನುತ್ತಾರೆ ಸರಿ, ಆದರೆ ದಿನಾ ಸಂಜೆ ಆ್ಯಸಿಡ್ ವಾಸನೆ ಹೊತ್ತ ಅಂಗಿಯಲ್ಲಿ ಮನೆಗೆ ಬಂದು ಅವಳ ಪಕ್ಕದಲ್ಲಿ ಕೂತವನು ಯಾರು? ಆ ಅಂಗಿಗಳನ್ನು ಮುಖಕ್ಕೆ ಹತ್ತಿರ ಹಿಡಿದು ತೂತು ಹುಡುಕಿ ಹೊಲಿದವಳು ಯಾರು? ಹತ್ತಿ ಅರ್ಧ ಮಾಡಿದ್ದರೆ ಉಳಿದರ್ಧ ತಾನೇ ಇರಬಹುದು. ಡಾಕ್ಟರನ್ನು ಕೇಳೋಣವೆಂದರೆ ಅವರು ಹೌದು ಎಂದುಬಿಟ್ಟರೆ ಎನ್ನುವ ಭಯ. ಹಾಗಾಗಿ ಕೇಳಿರಲಿಲ್ಲ.

ಬ್ಯಾಟರಿ ಒಳಗೆ ಬರಬಾರದು, ಬೆಚ್ಚಗೂ ಆಗಬೇಕು. ಸರಿ, ಶುರುವಾಯಿತು ಅವನ ದೊಂಬರಾಟ. ಮೊದಲು ಪೆಟ್ಟಿಗೆಯ ತೂತುಗಳಿಗೆ ಚಿಂದಿ ಬಟ್ಟೆ ತುರುಕಿದ. ಬಾಟಲಿಗಳಿಗೆ ಬಿಸಿನೀರು ತುಂಬಿ ಬ್ಯಾಟರಿಗಳ ಅಕ್ಕಪಕ್ಕ ನಿಲ್ಲಿಸಿದ. ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು ಊದಿದ. ಬೆರಳು ಬಿಸಿಯಾಯಿತು, ಬ್ಯಾಟರಿಯಾಗಲಿಲ್ಲ. ಮೋಡ ಬೇರೆ, ಬಿಸಿಲಿನ ಸುಳಿವಿಲ್ಲ. ಬಾಟಲಿ ತಣ್ಣಗಾಗುವುದು, ಇವನು ಮತ್ತೆ ಕಾಯಿಸುವುದು, ಓಡಿಹೋಗಿ ಮೀಟರ್ ನೋಡುವುದು, ಸೊನ್ನೆಗೆ ಬೈಯುವುದು. ಮಧ್ಯಾಹ್ನ ಕಳೆಯಿತು. ಹೊಟ್ಟೆಗೆ ಇನ್ನೂ ಏನೂ ಬಿದ್ದಿರಲಿಲ್ಲ. ಕಪಾಟಿನಲ್ಲಿ ಕೈಗೆ ಸಿಕ್ಕ ದಪ್ಪನೆಯ ಉಣ್ಣೆಯ ಶಾಲನ್ನು ಎಳೆದು ತಂದು ಎರಡೂ ಬ್ಯಾಟರಿಗೆ ಸೇರಿಸಿ ಸುತ್ತಿ, ಮಗುವಿಗೆ ಸಿಕ್ಕಿಸುವ ಹಾಗೆ ಅಂಚುಗಳನ್ನು ಒಳಗೆ ಸಿಕ್ಕಿಸಿದ.

"ಅದು ನಾನು ನನ್ ತಂಗಿಗೆ ಕೊಟ್ಟ ಶಾಲಲ್ವಾ?"

ಹಿಂದೆ ಅತ್ತಿಗೆ ನಿಂತಿದ್ದಳು, ಹೆಂಡತಿಯ ಅಕ್ಕ. ನರ್ಸಮ್ಮ ಬರುವ ಹೊತ್ತಿಗೆ ತಾನೂ ಇರಬೇಕೆಂದು ಮುಂಚೆಯೇ ಬಂದಿದ್ದಳು. ಯಾವ ಮನೆಗೆ ಹೋದರೂ ಮೊದಲು ಬಚ್ಚಲು ನೋಡುವ ಹೆಂಗಸು. ಅವಳ ಕಣ್ಣಿಗೆ ಬಿದ್ದ ಮೇಲೆ ಮುಗಿಯಿತು.

"ಚಳಿ ಅತ್ತಿಗೆ," ಎಂದ ಬ್ಯಾಟರಿಯಣ್ಣ.

"ಯಾರಿಗೆ ಚಳಿ ಯಜಮಾನ್ರೇ? ಬ್ಯಾಟರಿಗಾ? ನಿಮ್ಮ ಮೈಮೇಲೊಂದು ಸ್ವೆಟರ್ ಇಲ್ಲ, ತುಟಿ ನೀಲಿ ಆಗಿದೆ. ಅದಕ್ಕೆ ಶಾಲು ಹೊದಿಸಿದೀರಾ. ಹಾಲೂ ಕುಡಿಸಿದ್ರೋ?"

ಅವನಿಗೆ ಪಿತ್ತ ನೆತ್ತಿಗೇರಿತು. ಆದರೆ ಬೈಯಲು ಉಸಿರಿರಲಿಲ್ಲ. ಗಾಡಿಯ ಮೆಟ್ಟಿಲ ಮೇಲೆ ಕೂತವನು ಅರೆಕ್ಷಣದಲ್ಲಿ ಎದ್ದ, ಮತ್ತೆ ಕೂತ. ಅಂಗಡಿಯವನು ಹೇಳಿದ್ದು, ತಾನು ಒಲ್ಲೆನೆಂದದ್ದು, ಗ್ಯಾಸಿನ ಮಾತು, ಎಲ್ಲವನ್ನೂ ಹಿಂದುಮುಂದಾಗಿ ಒದರಿದ. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಅವಳಿಗೆ ಬೇಕಾದದ್ದು ತಾನಾಗಿಯೇ ಕೈಗೆ ಬರುತ್ತಿತ್ತು. ಅವಳು ಸುಮ್ಮನಿದ್ದರೆ ಸಾಕು, ನರ್ಸಮ್ಮ ಸೊನ್ನೆ ನೋಡಿ ತಲೆಯಾಡಿಸಿ ಹೋಗುತ್ತಿದ್ದಳು, ತಂಗಿ ನಾಲ್ಕನೇ ಮಹಡಿಗೆ ಬರುತ್ತಿದ್ದಳು. ಅತ್ತಿಗೆ ಕೆರೆಯ ಕಡೆ ನೋಡಿದಳು. ಆಮೇಲೆ ತನ್ನ ಫೋನು ತೆಗೆದು ತಂಗಿಗೆ ಹಚ್ಚಿ, "ಇಗೋ, ಬ್ಯಾಟರಿ ಚಾರ್ಜ್ ಆಗ್ತಿಲ್ವಂತೆ, ನಿನ್ನ ಗಂಡನ್ನ ನೀನೇ ವಿಚಾರಿಸ್ಕೋ" ಎಂದು ಅವನ ಕೈಗೆ ಕೊಟ್ಟಳು.

"ಏನ್ರೀ," ಹೆಂಡತಿಯ ದನಿ ಸಣ್ಣಗೆ ಬಂತು, ಹಿಂದೆ ಆಸ್ಪತ್ರೆಯ ಪಾತ್ರೆಗಳ ಸದ್ದು. "ಬ್ಯಾಟರಿ ಎಲ್ಲಿಟ್ಟಿದೀರಾ?"

"ಹೊರಗೆ."

"ಯಾಕೆ?"

"ವಾಸನೆ ಕಣೇ. ಚಾರ್ಜ್ ಆಗೋವಾಗ ಬರುತ್ತಲ್ಲ. ನಿನ್ನ ಉಸಿರಿಗೆ ಆಗಲ್ಲ."

ಆ ಕಡೆ ಅವಳು ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಎರಡೂ ಇರಬಹುದು. "ಇದಕ್ಕೆ ವಾಸನೆ ಇಲ್ಲ ಅಂತ ಆ ಅಂಗಡಿಯವನು ಫೋನಲ್ಲಿ ನನಗೂ ಹೇಳಿದ್ದ."

"ಹೇಳ್ತಾರೆ. ಮಾರೋರು ಎಲ್ಲಾ ಹೇಳ್ತಾರೆ."

"ನೀವು ಕೇಳಿಸ್ಕೊಳ್ತಾ ಇಲ್ಲ." ಅವಳು ಉಸಿರಿಗೆ ನಿಂತಳು. ಅವನು ಎದ್ದು ಓಡಾಡತೊಡಗಿದ್ದ, ಗಾಡಿಯ ಮೂತಿಯಿಂದ ಬಾಲದ ತನಕ, ಬಾಲದಿಂದ ಮೂತಿಗೆ. "ನಡೀಬೇಡಿ. ನಿಂತ್ಕೊಳ್ಳಿ. ನಿಮ್ಮ ಚಪ್ಪಲಿ ಸದ್ದು ಕೇಳ್ತಾ ಇದೆ ನನಗೆ."

ಅವನು ನಿಂತ.

"ನನ್ನ ಎದೆ ಕೆಡಿಸಿದ್ದು ಹತ್ತಿ. ನಿಮ್ಮ ಅಂಗಿ ಅಲ್ಲ."

ಅವನು ಹೆಗಲ ಮೇಲಿದ್ದ ಬಟ್ಟೆ ಎಳೆದುಕೊಂಡ. "ನಾನು ಹಾಗೆ ಎಲ್ಲಿ ಅಂದೆ?"

"ಅನ್ನಲಿಲ್ಲ. ಬಾಯಿಬಿಟ್ಟು ನೀವು ಯಾವತ್ತು ಏನು ಅಂದಿದೀರಾ? ಕೆಮ್ಮು ಶುರುವಾದ ವರ್ಷದಿಂದ ಡಿಪೋದಲ್ಲೇ ಸ್ನಾನ ಮಾಡ್ಕೊಂಡು ಬರೋಕೆ ಶುರು ಮಾಡಿದ್ರಿ. ನನಗೆ ಗೊತ್ತಾಗಲ್ವಾ? ನಾನೇ ಡಾಕ್ಟರನ್ನ ಕೇಳ್ದೆ, ಯಾವತ್ತೋ. ಅಂಗಿ ವಾಸನೆಯಿಂದ ಇದೆಲ್ಲ ಆಗಲ್ಲಮ್ಮ ಅಂದ್ರು. ನೀವು ಕೇಳ್ತೀರಾ, ಹೇಳೋಣ ಅಂತ ಕಾದೆ. ನೀವು ಕೇಳಲೇ ಇಲ್ಲ."

ಬ್ಯಾಟರಿಯಣ್ಣನ ಕಣ್ಣು ತುಂಬಿಕೊಂಡಿತು. ಅತ್ತಿಗೆಗೆ ಬೆನ್ನು ಮಾಡಿ ನಿಂತು ಬಟ್ಟೆಯಿಂದ ಮುಖ ಒರೆಸಿಕೊಂಡ. ಅದು ಬೆಳಗ್ಗೆ ಕಾಫಿ ಒರೆಸಲೆಂದು ಹಿಡಿದಿದ್ದ ಬಟ್ಟೆ.

"ಒಳಗೆ ತಂದಿಡಿ," ಎಂದಳು ಹೆಂಡತಿ. "ನನ್ನ ಹಾಸಿಗೆ ಕೆಳಗೇ ಇಡಿ. ನನ್ನನ್ನ ಗೋಡೆ ನೋಡೋಕೆ ಕಳಿಸ್ಬೇಡಿ."

ಅವನು ಶಾಲು ಬಿಚ್ಚಿದ. ತಂತಿ ಕಳಚಿ ಒಂದೊಂದೇ ಬ್ಯಾಟರಿಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿಸಿದ. ಅತ್ತಿಗೆ ಹಾಸಿಗೆಯ ಹಲಗೆ ಎತ್ತಿ ಹಿಡಿದಳು, ಹಿಡಿದುಕೊಂಡೇ ಕೆಳಗಿನ ಧೂಳಿನ ಬಗ್ಗೆ ನಾಲ್ಕು ಮಾತು ಆಡಿದಳು. ತಂತಿಗಳನ್ನು ನೆಲದ ಸಂದಿಯಿಂದ ತೂರಿಸಿ, ಬಿಗಿದು, ಎಳೆದು ನೋಡಿ, ಮತ್ತೆ ಬಿಗಿದ. ಡೀಸೆಲ್ ಹೀಟರನ್ನು ಜೋರು ಮಾಡಿದ. ಅದರ ಬೆಂಕಿ ಗಾಡಿಯ ಹೊರಗೆ, ಒಳಗೆ ಬರುವುದು ಬಿಸಿಗಾಳಿ ಮಾತ್ರ. ಆದರೂ ಮೀಟರಿನಲ್ಲಿ ಸೊನ್ನೆಯೇ. ಹೆಪ್ಪುಗಟ್ಟಿದ ಚಳಿ ಅಷ್ಟು ಬೇಗ ಬಿಡುತ್ತದೆಯೇ? ಅತ್ತಿಗೆ ರೊಟ್ಟಿ ಕೊಟ್ಟರೆ ಒಂದು ತುತ್ತು ಬಾಯಿಗಿಟ್ಟು ಉಳಿದದ್ದನ್ನು ಮೀಟರಿನ ಮೇಲೇ ಇಟ್ಟು ಮರೆತ.

ನರ್ಸಮ್ಮ ಬಂದಾಗ ಹೊತ್ತು ಇಳಿಯುತ್ತಿತ್ತು. ಒಲೆ ಹೊರಗಿರುವುದನ್ನು ನೋಡಿ, "ಇದು ಸರಿ, ಆಕ್ಸಿಜನ್ ಇರೋ ಕಡೆ ಬೆಂಕಿ ಬೇಡ" ಎಂದಳು. ಮಷೀನು ಹಾಕಿಸಿ ಕಿವಿಗೊಟ್ಟು ಕೇಳಿದಳು. ಬಾಗಿಲ ಅಗಲ, ಬಚ್ಚಲ ಮೆಟ್ಟಿಲು, ಎಲ್ಲ ನೋಡಿಯಾದ ಮೇಲೆ, "ಬ್ಯಾಟರಿ ಎಷ್ಟಿದೆ?" ಎಂದು ಕೇಳಿದಳು.

ಬ್ಯಾಟರಿಯಣ್ಣ ರೊಟ್ಟಿ ಸರಿಸಿದ. ಸುಳ್ಳು ಹೇಳಲು ಬಂದರೆ ತಾನೆ? "ಕಮ್ಮಿ ಇದೆ. ಚಳಿಗೆ ತಗೊಳ್ತಾ ಇರ್ಲಿಲ್ಲ. ಈಗ ಒಳಗೆ ತಂದಿದೀನಿ. ತಗೊಳ್ಳುತ್ತೆ."

"ಯಾವಾಗ?"

ಅವನು ಅತ್ತಿಗೆಯ ಮುಖ ನೋಡಿದ. ಒಂದು ಮಾತು ಸಾಕಿತ್ತು ಅವಳಿಗೆ. ನಮ್ಮ ಮನೆ ಸಿದ್ಧ ಇದೆ ಎಂದರೆ ಮುಗಿದುಹೋಗುತ್ತಿತ್ತು.

"ಕೂತ್ಕೊಳ್ಳಮ್ಮ," ಎಂದಳು ಅತ್ತಿಗೆ ನರ್ಸಮ್ಮನ ಭುಜ ಹಿಡಿದು ಬೆಂಚಿನ ಮೇಲೆ ಒತ್ತಿ ಕೂರಿಸುತ್ತ. "ದಿನಾ ಎಷ್ಟು ಮೆಟ್ಟಿಲು ಹತ್ತಿ ಇಳೀತೀಯೋ ಏನೋ. ಕಾಫಿ ಕುಡಿದು ಹೋಗು. ಈ ಮನುಷ್ಯ ಬೆಳಗ್ಗೆಯಿಂದ ಬರೀ ಬಾಟಲಿಗೆ ಬಿಸಿನೀರು ಕಾಯಿಸ್ತಾ ಇದ್ದಾರೆ, ನಮಗೂ ಸ್ವಲ್ಪ ಕಾಯಿಸ್ಲಿ." ಆಮೇಲೆ ತನ್ನ ಮಂಡಿನೋವು ತೆಗೆದಳು. ಮಂಡಿಯಿಂದ ಸೊಂಟಕ್ಕೆ ಏರಿ, ಸೊಂಟದಿಂದ ತನ್ನ ನಾಲ್ಕು ಮಹಡಿಗೆ ಬಂದು, ಲಿಫ್ಟು ಕೆಟ್ಟರೆ ತಂಗಿಯಂಥವಳು ಹತ್ತುವುದು ಹೇಗೆ ಎನ್ನುವಲ್ಲಿಗೆ ಮುಟ್ಟಿಸಿದಳು. ನರ್ಸಮ್ಮನಿಗೆ ಏಳಲು ಸಂದಿಯೇ ಸಿಗಲಿಲ್ಲ.

ಬ್ಯಾಟರಿಯಣ್ಣ ಹೊರಗೆ ಒಲೆ ಹಚ್ಚಿದ, ಒಳಗೆ ಬಂದ, ಹೊರಗೆ ಹೋದ. ಕಾಫಿ ಈ ಸಲವೂ ಉಕ್ಕುತ್ತಿತ್ತು, ಸಮಯಕ್ಕೆ ಸರಿಯಾಗಿ ಇಳಿಸಿದ. ಲೋಟ ಕೊಡಲು ಬಗ್ಗಿದಾಗ ಮೀಟರಿನ ಸೊನ್ನೆ ಎರಡಾಯಿತು. ಅವನು ಬಗ್ಗಿದವನು ಬಗ್ಗಿದ ಹಾಗೇ ನಿಂತ. ಎರಡು ಒಂಬತ್ತಾಯಿತು. ಒಂಬತ್ತು ಇಪ್ಪತ್ತನ್ನು ದಾಟಿ ಮೇಲೆ ಮೇಲೆ ಹೋಗತೊಡಗಿತು.

"ತಗೊಳ್ತಾ ಇದೆ," ಎಂದ ಪಿಸುದನಿಯಲ್ಲಿ, ಅದಕ್ಕೆ ಕೇಳಿಸಿದರೆ ಎಲ್ಲಿ ನಿಲ್ಲಿಸುತ್ತದೋ ಎನ್ನುವ ಹಾಗೆ.

ನರ್ಸಮ್ಮ ಎದ್ದು ನೋಡಿದಳು. "ನಾಳೆ ಮಧ್ಯಾಹ್ನಕ್ಕೆ ಪೂರ್ತಿ ತುಂಬಿದ್ರೆ ನನಗೆ ಫೋನ್ ಮಾಡಿ. ಆಮೇಲೆ ಕರ್ಕೊಂಡು ಬನ್ನಿ," ಎಂದಳು. ಅತ್ತಿಗೆ ಖಾಲಿ ಲೋಟಗಳನ್ನು ಎತ್ತಿಕೊಂಡು, "ಹೊಸ ಹೊದಿಕೆ ಹಾಕಿದ್ದೆ," ಎಂದಷ್ಟೇ ಹೇಳಿ ತೊಳೆಯಲು ಹೊರಗೆ ಹೋದಳು. ಅವಳ ದನಿ ಸಣ್ಣಗಾಗಿತ್ತು.

ಮರುದಿನ ಹೆಂಡತಿ ಬಂದಳು. ಮೆಟ್ಟಿಲು ಹತ್ತಲು ಅಕ್ಕನ ಕೈ ಒಂದು ಕಡೆ, ಗಂಡನ ಕೈ ಒಂದು ಕಡೆ. ಮಲಗಿದವಳು ಮೊದಲು ಕಿಟಕಿಯ ಕಡೆ ತಿರುಗಿ ಕೆರೆ ನೋಡಿದಳು. ಅದೇ ಶಾಲನ್ನು ಕಾಲ ಮೇಲೆ ಹೊದಿಸಿ ಅಕ್ಕ ಹೊರಟುಹೋದಳು. ಹೊತ್ತು ಮುಳುಗುವ ಹೊತ್ತಿಗೆ ಬ್ಯಾಟರಿಯಣ್ಣ ಮತ್ತೆ ಮೀಟರಿನ ಮುಂದೆ ಹೋಗಿ ನಿಂತ. ದೂರದಲ್ಲಿ ಜನರೇಟರ್ ಗೊಗ್ಗರು ದನಿ ತೆಗೆದು ನಿಂತಿತು. ಮೈದಾನದ ಕಂಬಗಳ ದೀಪಗಳೆಲ್ಲ ಒಟ್ಟಿಗೆ ಆರಿದವು. ಅವನು ಕಿವಿಗೊಟ್ಟ. ಮಷೀನಿನ ಸದ್ದು ಒಂದಿಷ್ಟೂ ಮುರಿಯಲಿಲ್ಲ. ನಡೆಯುತ್ತಿದ್ದ ಹಾಗೆಯೇ ನಡೆಯಿತು.

ಆದರೂ ಜೀವ ತಡೆಯಲಿಲ್ಲ. ಮೆಲ್ಲಗೆ ಮಂಡಿಯೂರಿ, ಹಾಸಿಗೆಯ ಹಲಗೆಯ ಸಂದಿಗೆ ಮೂಗು ಹಚ್ಚಿ ಮೂಸಿದ. ಇನ್ನೊಂದು ಬದಿಗೆ ತೆವಳಿ ಅಲ್ಲೂ ಮೂಸಿದ.

"ಏನ್ರೀ ಹುಡುಕ್ತಾ ಇದೀರಾ?"

"ಚಪ್ಪಲಿ."

"ಕಾಲಲ್ಲೇ ಇದೆ." ಅವಳು ಕತ್ತು ತಿರುಗಿಸಿ ನೋಡುತ್ತಿದ್ದಳು, ಮೂಗಿನ ನಳಿಗೆಯ ಕೆಳಗೆ ನಗು. "ಬಂತಾ ವಾಸನೆ?"

"ಇಲ್ಲ."

"ನನಗೂ ಬರ್ತಿಲ್ಲ." ಒಮ್ಮೆ ಉಸಿರೆಳೆದುಕೊಂಡು, "ಅದೇ ಯೋಚ್ನೆ ಮಾಡ್ತಿದ್ದೆ. ಎಲ್ಲಾ ಇದೆ, ಮನೆಗೆ ಬಂದ ಹಾಗೇ ಅನ್ನಿಸ್ತಿಲ್ಲ ಅಂತ. ಸಂಜೆ ಆದ್ರೆ ಬಾಗಿಲಲ್ಲಿ ಆ ವಾಸನೆ ಬರ್ತಿತ್ತು. ಆಗ ನೀವು ಬಂದ್ರಿ ಅಂತ ಗೊತ್ತಾಗ್ತಿತ್ತು. ಡಿಪೋದಲ್ಲಿ ಸ್ನಾನ ಮಾಡ್ಕೊಂಡು ಬರೋಕೆ ಹಿಡಿದ ಮೇಲೆ ನನಗೆ ಬೇಜಾರಾಗಿತ್ತು. ಹಳೇ ಅಂಗಿ ಒಂದಾದ್ರೂ ಉಳಿದಿದ್ಯಾ?"

ಉಳಿದಿತ್ತು. ಕಪಾಟಿನ ತಳದಲ್ಲಿ, ಇಂಜಿನ್ ಒರೆಸಲೆಂದು ಇಟ್ಟದ್ದು. ಒಗೆದು ಒಗೆದು ವಾಸನೆಯೆಲ್ಲ ಹೋಗಿ ಬರೀ ತೂತುಗಳು ಉಳಿದಿದ್ದವು. ಅವನು ಅದನ್ನೇ ಹಾಕಿಕೊಂಡು ಬಂದು ಹಾಸಿಗೆಯ ಅಂಚಿನಲ್ಲಿ ಕೂತ. ಅವಳು ಕೈಚಾಚಿ, ಹೊಟ್ಟೆಯ ಹತ್ತಿರ ತಾನೇ ಯಾವತ್ತೋ ಹೊಲಿಯದೆ ಬಿಟ್ಟಿದ್ದ ಒಂದು ತೂತಿನಲ್ಲಿ ಬೆರಳು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದಳು. ಕೆಳಗೆ ಬ್ಯಾಟರಿ, ಪಕ್ಕದಲ್ಲಿ ಮಷೀನಿನ ಸದ್ದು, ಅದರ ಜೊತೆಗೆ ಅವಳ ಉಸಿರು. ಅವನಿಗೆ ಎದ್ದುಹೋಗಿ ಒಮ್ಮೆ ಮೀಟರ್ ನೋಡಿ ಬರಬೇಕೆನ್ನಿಸಿತು. ಎದ್ದರೆ ಅವಳ ಬೆರಳು ಜಾರುತ್ತಿತ್ತು. ಅವನು ಏಳಲಿಲ್ಲ.